ಸೋಲಾರ್ ಹಾಕಿದರೆ ವಿಮಾನದ ಹೊಗೆ ಕಡಿಮೆಯಾಗುತ್ತಾ?

ಕೊಚ್ಚಿಗೆ ಹೋಗಿ ಬಂದ ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: "ಅಲ್ಲಿನ ವಿಮಾನ ನಿಲ್ದಾಣದಲ್ಲಿ ಎಲ್ಲ ಸೋಲಾರ್ ಕರೆಂಟಂತೆ. ಆದರೆ ಹೊಗೆ ಬಿಡುವುದು ವಿಮಾನ ತಾನೇ? ಇದೆಲ್ಲ ಸುಮ್ನೆ ತೋರಿಕೆಗೆ, ಅಲ್ವಾ ಸಂಪಾದಕರೇ?"

ನೀವು ಕೇಳಿದ್ದು ನ್ಯಾಯವೇ. ಕೊಚ್ಚಿಯವರು 2015ರ ಆಗಸ್ಟ್‌ನಲ್ಲಿ 12 ಮೆಗಾವಾಟ್ ಸೋಲಾರ್ ಘಟಕ ಶುರು ಮಾಡಿದರು. ಪೂರ್ತಿ ಸೌರಶಕ್ತಿಯಲ್ಲೇ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣ ಅನ್ನಿಸಿಕೊಂಡರು. 2018ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ಬಂತು. ಒಳ್ಳೆಯದೇ. ಆದರೆ ಅದು ಟರ್ಮಿನಲ್‌ನ ದೀಪ, ಏಸಿ, ಲಗೇಜ್ ಬೆಲ್ಟಿನ ಲೆಕ್ಕ. ವಿಮಾನದ ಟ್ಯಾಂಕಿನ ಲೆಕ್ಕ ಬೇರೆ.

ಹಾಗಂತ ನಿಲ್ದಾಣದವರ ಕೈಯಲ್ಲಿ ಏನೂ ಇಲ್ಲ ಅನ್ನಬೇಡಿ. ವಿಮಾನ ಗೇಟಿಗೆ ಬಂದು ನಿಂತ ಮೇಲೂ ಒಳಗೆ ದೀಪ, ಏಸಿ ಓಡಬೇಕಲ್ಲ? ಅದಕ್ಕೆ ಬಾಲದ ತುದಿಯಲ್ಲಿ ಎಪಿಯು ಅನ್ನುವ ಪುಟ್ಟ ಎಂಜಿನ್ ಇರುತ್ತದೆ. ಬಸ್ಸಿನಲ್ಲಿ ವಿಮಾನದ ಹತ್ತಿರ ಹೋಗುವಾಗ ಬಾಲದ ಹಿಂದೆ ಬಿಸಿಗಾಳಿ ಅಲುಗುತ್ತಿರುತ್ತದೆ, ಜೊತೆಗೆ ಕಿವಿ ಗುಂಯ್ ಅನ್ನುವಷ್ಟು ಸದ್ದು. ಅದೇ ಇದು. ಎ320ಯಂಥ ವಿಮಾನದಲ್ಲಿ ಗಂಟೆಗೆ ಸುಮಾರು 100 ಕೆಜಿ ಇಂಧನ ಕುಡಿಯುತ್ತದೆ. ಒಂದು ಕೆಜಿ ಸುಟ್ಟರೆ ಮೂರು ಕೆಜಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್. ಗೇಟಿನಲ್ಲೇ ಕರೆಂಟ್ ಕೇಬಲ್, ತಂಪು ಗಾಳಿಯ ದಪ್ಪ ಪೈಪ್ ಕೊಟ್ಟರೆ ಈ ಎಂಜಿನ್ ಆರಿಸಿಡಬಹುದು. ಆಗ ನಿಮ್ಮ ಸೋಲಾರ್ ಕರೆಂಟ್ ನಿಜಕ್ಕೂ ವಿಮಾನದೊಳಕ್ಕೆ ಹೋಗುತ್ತದೆ! ಕೇಬಲ್ ಇಟ್ಟು ಕೈತೊಳೆದುಕೊಂಡರೆ ಸಾಲದು, ನಿಯಮವೂ ಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಿಲ್ದಾಣದಲ್ಲಿ ಎಪಿಯು ಬಳಕೆಗೆ ಕಟ್ಟುನಿಟ್ಟಾದ ಮಿತಿ ಇದೆ.

ಇನ್ನು ರನ್‌ವೇ ಮುಂದಿನ ಸಾಲು. ಎರಡೂ ಎಂಜಿನ್ ಹಾಕಿಕೊಂಡು ಕಾಯುವ ಎ320 ನಿಮಿಷಕ್ಕೆ 10 ಕೆಜಿ ಹತ್ತಿರ ಸುಡುತ್ತದೆ. ಸರದಿ ಬರುವವರೆಗೆ ಗೇಟಿನಲ್ಲೇ ನಿಲ್ಲಿಸಿಕೊಂಡರೆ ಅಷ್ಟೂ ಉಳಿತಾಯ. ರನ್‌ವೇವರೆಗೆ ಎಳೆದುಕೊಂಡು ಹೋಗುವ ಟ್ಯಾಕ್ಸಿಬಾಟ್ ಗಾಡಿಯೂ ಇದೆ. 2019ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಏರ್ ಇಂಡಿಯಾ ಪ್ರಯಾಣಿಕರಿದ್ದ ಎ320ಯನ್ನೇ ಅದರಿಂದ ಎಳೆಸಿತು.

ಆದರೆ ಇಂಧನದ ದೊಡ್ಡ ಪಾಲು ಉರಿಯುವುದು ಆಕಾಶದಲ್ಲಿ. ಅಲ್ಲಿಗೂ ನಿಲ್ದಾಣದವರ ಕೈ ಸ್ವಲ್ಪ ಎಟಕುತ್ತದೆ. ನಾರ್ವೆಯ ಓಸ್ಲೋ ನಿಲ್ದಾಣ 2016ರಲ್ಲೇ ಜೈವಿಕ ಇಂಧನವನ್ನು (ಬಳಸಿದ ಎಣ್ಣೆ, ಸಸ್ಯದಂಥವುಗಳಿಂದ ಮಾಡಿದ, ಒಟ್ಟು ಲೆಕ್ಕದಲ್ಲಿ ಕಾರ್ಬನ್ ಕಡಿಮೆ ಇರುವ ಇಂಧನ) ಮಾಮೂಲಿ ಪೈಪಿನಲ್ಲೇ ಬೆರೆಸಿ ಕೊಡಲು ಶುರು ಮಾಡಿತು. ಅದರ ಬೆಲೆ ಸಿಕ್ಕಾಪಟ್ಟೆ ಜಾಸ್ತಿ. ಅದಕ್ಕೇ ಲಂಡನ್ನಿನ ಹೀಥ್ರೂ 2022ರಿಂದ ಲ್ಯಾಂಡಿಂಗ್ ಶುಲ್ಕದಲ್ಲೇ ಹಣ ಎತ್ತಿ, ಜೈವಿಕ ಇಂಧನ ಕೊಳ್ಳುವ ವಿಮಾನ ಕಂಪನಿಗಳಿಗೆ ಬೆಲೆಯ ವ್ಯತ್ಯಾಸದಲ್ಲಿ ಒಂದಿಷ್ಟು ತುಂಬಿಕೊಡುತ್ತಿದೆ. ನನ್ನ ಪ್ರಕಾರ ಚಾವಣಿಯ ಸೋಲಾರ್‌ಗಿಂತ ಗಟ್ಟಿಯಾದ ಕೆಲಸ ಇದು. ನಮ್ಮಲ್ಲಿ 2027ಕ್ಕೆ ಅಂತರರಾಷ್ಟ್ರೀಯ ವಿಮಾನಗಳಿಗೆ ಇಂಥ ಇಂಧನ ಶೇ 1ರಷ್ಟು ಬೆರೆಸುವ ಗುರಿಯಿದೆ.

ಇತ್ತ ಬೆಂಗಳೂರು ನಿಲ್ದಾಣವೊಂದರಲ್ಲೇ ವರ್ಷಕ್ಕೆ 4 ಕೋಟಿ ಜನ ಓಡಾಡುತ್ತಿದ್ದಾರೆ. ಉಳಿಸಿದ್ದನ್ನು ಹೊಸ ವಿಮಾನಗಳು ನುಂಗಿಬಿಡಬಹುದು. "ಕಡಿಮೆ ಹಾರಿ" ಅಂತ ಯಾವ ನಿಲ್ದಾಣ ತಾನೇ ಹೇಳೀತು? ನಿಲ್ದಾಣಗಳಿಗೆ ಕಾರ್ಬನ್ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2009ರಿಂದ ಇದೆ. ಅದರ ಕೆಳಗಿನ ಹಂತಗಳಲ್ಲಿ ಲೆಕ್ಕಕ್ಕೆ ಬರುವುದು ನಿಲ್ದಾಣದ ಸ್ವಂತ ಹೊಗೆ ಮಾತ್ರ. ಅಂಥ ಪ್ರಮಾಣಪತ್ರ ಸಿಕ್ಕ ಸುದ್ದಿ ಬಂದಾಗ ಯಾವ ಹಂತ, ವಿಮಾನದ ಇಂಧನವೂ ಸೇರಿದೆಯಾ ಅಂತ ನೋಡಿ.