ಸಂಪಿನ ಪ್ರಶ್ನೆಗೆ ಉತ್ತರ ಎಲ್ಲಿ ಉಳಿಯಬೇಕು?

ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಸಣ್ಣ ಗುಂಪು. ಹನ್ನೊಂದು ವರ್ಷದಿಂದ ಮೇಲ್ ಹಂಚುವ ಸಾಫ್ಟ್‌ವೇರ್ ಆದ ಮೇಲ್‌ಮ್ಯಾನ್‌ನಲ್ಲಿ ಮೇಲಿಂಗ್ ಲಿಸ್ಟ್ ನಡೆಸುತ್ತಿದ್ದೇವೆ; ಒಂದು ವಿಳಾಸಕ್ಕೆ ಬರೆದರೆ ಸದಸ್ಯರೆಲ್ಲರಿಗೂ ಮೇಲ್ ಹೋಗುತ್ತದೆ. ಈಗ ಹುಡುಗರೆಲ್ಲ ವಾಟ್ಸಾಪ್ ಇದ್ದರೆ ಸಾಕು, ಲಿಸ್ಟ್ ಮುಚ್ಚಿಬಿಡೋಣ ಅನ್ನುತ್ತಾರೆ. ಕಳೆದ ತಿಂಗಳು ಲಿಸ್ಟಿಗೆ ಬಂದದ್ದು ಎರಡೇ ಮೇಲ್. ಅದೇ ವಾಟ್ಸಾಪ್‌ನಲ್ಲಿ ಸಂಪಿನ ಸೆನ್ಸರ್ ಬಗ್ಗೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು. ಈ ವರ್ಷ ಅದನ್ನು ಕೇಳಿದವರಲ್ಲಿ ಅವಳು ಮೂರನೆಯವಳು. ಏನು ಮಾಡಲಿ?"

ದಯವಿಟ್ಟು ಮುಚ್ಚಬೇಡಿ. ಯಾಕೆ ಅನ್ನುವುದು ನಿಮ್ಮ ಪತ್ರದಲ್ಲೇ ಇದೆ.

ಅವಳ ತೊಂದರೆಯನ್ನೇ ನೋಡಿ. ಸಂಪಿನ ಮುಚ್ಚಳದ ಕೆಳಗೆ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದ್ದಾಳೆ. ಕಾವೇರಿ ನೀರು ಬಂದು ಸಂಪು ತುಂಬುವ ಹೊತ್ತಿಗೆ ರೀಡಿಂಗ್ ಹಾದಿ ತಪ್ಪುತ್ತದೆ. ಈ ಸೆನ್ಸರ್ ಸದ್ದು ಕಳಿಸಿ, ಅದು ನೀರಿಗೆ ಬಡಿದು ವಾಪಸ್ ಬರುವ ಹೊತ್ತಿನಿಂದ ನೀರು ಎಷ್ಟು ದೂರ ಇದೆ ಅಂತ ಅಳೆಯುತ್ತದೆ. ಈ ಬಗೆಯ ಸೆನ್ಸರ್‌ನಲ್ಲಿ ಶಬ್ದ ಕಳಿಸುವುದೂ ಕೇಳಿಸಿಕೊಳ್ಳುವುದೂ ಒಂದೇ ಬಿಲ್ಲೆ. ಕಳಿಸಿದ ಮೇಲೆ ಅದರ ಅದುರಾಟ ನಿಲ್ಲಲು ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ವಾಪಸ್ ಬಂದ ಸದ್ದು ಅದಕ್ಕೆ ಕೇಳಿಸುವುದಿಲ್ಲ. ಹಾಗಾಗಿ ಸುಮಾರು 20–25 ಸೆಂಟಿಮೀಟರ್‌ಗಿಂತ ಹತ್ತಿರ ಬಂದ ನೀರು ಅದಕ್ಕೆ ಗೊತ್ತೇ ಆಗುವುದಿಲ್ಲ. ಸಂಪು ಪೂರ್ತಿ ತುಂಬಿದಾಗ ನೀರು ನಿಲ್ಲುವ ಮಟ್ಟಕ್ಕಿಂತ ಒಂದಡಿ ಮೇಲೆ ಸೆನ್ಸರ್ ಕೂರಿಸಿದರೆ ಸರಿಹೋಗುತ್ತದೆ.

ಇಷ್ಟು ತಿಳಿಯಲು ಯಾರೋ ಒಬ್ಬರು ಎರಡು ಭಾನುವಾರ ಸಂಪಿನೊಳಗೆ ಟಾರ್ಚ್ ಬಿಟ್ಟು ನೋಡಿರುತ್ತಾರೆ. ಅವರ ಉತ್ತರ ವಾಟ್ಸಾಪ್‌ನಲ್ಲಿ ಬಂತು. ಅದರ ಮೇಲೆ ಹಬ್ಬದ ಶುಭಾಶಯ, ಸೋಲ್ಡರಿಂಗ್ ಐರನ್ ಮಾರಾಟಕ್ಕಿದೆ ಅನ್ನುವ ಫೋಟೋ, ಮಳೆಯ ವಿಡಿಯೋ ಬಿದ್ದವು. ಒಂದು ವಾರದಲ್ಲಿ ಆ ಉತ್ತರ ಕೈಗೆ ಸಿಗದ ಹಾಗೆ ಹೂತುಹೋಯಿತು. ಲಿಸ್ಟಿನಲ್ಲಿ ಹಾಗಾಗುವುದಿಲ್ಲ. ಪ್ರಶ್ನೆಯ ಕೆಳಗೇ ಉತ್ತರ ಜೋಡಣೆಯಾಗಿ ನಿಲ್ಲುತ್ತದೆ, ಏಕೆಂದರೆ ಯಾವ ಮೇಲಿಗೆ ಉತ್ತರ ಅನ್ನುವ ಗುರುತು ಪ್ರತಿ ಉತ್ತರದೊಳಗೂ ಇರುತ್ತದೆ. ಮುಂದಿನ ವರ್ಷ ಸೇರುವವರೂ ಅದನ್ನು ಹುಡುಕಿ ಓದಬಹುದು.

ಇನ್ನೊಂದು ಮಾತು ನನಗೆ ತುಂಬ ಮುಖ್ಯ. ಜನ ಸೇರಿ ಹರಟುತ್ತಿದ್ದ ಆರ್ಕುಟ್ ಜಾಲತಾಣ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಮೇಲ್‌ನಲ್ಲೇ ನಡೆಯುತ್ತಿದ್ದ ಯಾಹೂ ಗ್ರೂಪ್ಸ್ ಕೂಡ 2020ರಲ್ಲಿ ನಿಂತಿತು. ಆದರೆ ಮೇಲ್ ತರಿಸಿಕೊಳ್ಳುತ್ತಿದ್ದ ಸದಸ್ಯರ ಇನ್‌ಬಾಕ್ಸ್‌ನಲ್ಲಿ ಆ ಮಾತುಕತೆಯ ಪ್ರತಿ ಉಳಿಯಿತು. ನಿಮ್ಮ ಹನ್ನೊಂದು ವರ್ಷದ ಮೇಲ್‌ಗಳು ಬರೀ ಅಕ್ಷರದ ಫೈಲು, ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತವೆ. ಇವತ್ತೇ ಕಾಪಿ ಮಾಡಿ ಇಬ್ಬರ ಮನೆಯಲ್ಲಿ ಇಡಿ.

ಎರಡೇ ಮೇಲ್ ಬಂತು ಅಂತ ಬೇಜಾರಾಗುವ ಮೊದಲು ಒಂದು ಪರೀಕ್ಷೆ ಮಾಡಿ. ನಾಲ್ಕು ಜನಕ್ಕೆ ಫೋನ್ ಮಾಡಿ, ಸ್ಪ್ಯಾಮ್ ಫೋಲ್ಡರ್ ತೆಗೆದು ನೋಡಲು ಹೇಳಿ. ಸದಸ್ಯರ ಹೆಸರಿನ ಮೇಲನ್ನು ನಿಮ್ಮ ಸರ್ವರ್ ಎಲ್ಲರಿಗೂ ಕಳಿಸುತ್ತದಲ್ವಾ? ತಲುಪುವ ಕಡೆ ಅದು ಬೇರೆಯವರ ಹೆಸರಲ್ಲಿ ಬಂದ ನಕಲಿ ಮೇಲ್ ಥರ ಕಾಣಬಹುದು. 2014ರಲ್ಲಿ ಯಾಹೂ ಈ ತಪಾಸಣೆ ಬಿಗಿ ಮಾಡಿದಾಗ ಎಷ್ಟೋ ಲಿಸ್ಟ್‌ಗಳು ಪೇಚಿಗೆ ಸಿಕ್ಕಿದವು. 'ಫ್ರಮ್' ಜಾಗದಲ್ಲಿ ಲಿಸ್ಟಿನ ವಿಳಾಸವನ್ನೇ ಹಾಕುವ ಸೆಟ್ಟಿಂಗ್ ಮೇಲ್‌ಮ್ಯಾನ್‌ನಲ್ಲಿದೆ. ಅದನ್ನು ಆನ್ ಮಾಡಿ. ನಿಮ್ಮವರು ಮಾತು ಬಿಟ್ಟಿಲ್ಲದೇ ಇರಬಹುದು, ಮೇಲ್ ಅವರಿಗೆ ತಲುಪುತ್ತಿಲ್ಲದೇ ಇರಬಹುದು.

ಹುಡುಗರ ಮೇಲೆ ಸಿಟ್ಟಾಗಬೇಡಿ. "ಶನಿವಾರ ಬಿಡಿಭಾಗ ತರೋಕೆ ಎಸ್.ಪಿ. ರೋಡಿಗೆ ಹೋಗ್ತಿದ್ದೀನಿ, ಯಾರಿಗಾದ್ರೂ ಏನಾದ್ರೂ ಬೇಕಾ?" ಅನ್ನುವುದಕ್ಕೆ ವಾಟ್ಸಾಪೇ ಸರಿ. ಹೊಸಬರು ಬರುವುದೂ ಆ ದಾರಿಯಲ್ಲೇ. ಅದನ್ನು ಬಿಡಿ ಅಂದರೆ ಗುಂಪಿಗೇ ಪೆಟ್ಟು. ಒಂದೇ ಒಂದು ಕಟ್ಟುಪಾಡು ಇರಲಿ: ವಾಟ್ಸಾಪ್‌ನಲ್ಲಿ ಯಾರ ತೊಂದರೆ ಬಗೆಹರಿಯಿತೋ ಅವರೇ ಲಿಸ್ಟಿಗೆ ನಾಲ್ಕು ಸಾಲು ಬರೆಯಬೇಕು. ಏನು ಕಟ್ಟಿದೆ, ಏನು ಕೈಕೊಟ್ಟಿತು, ಹೇಗೆ ಸರಿಹೋಯಿತು. ಕನ್ನಡದಲ್ಲೇ ಬರೆಯಲಿ. ಸಬ್ಜೆಕ್ಟ್ ಸಾಲಿನಲ್ಲಿ 'ಒಂದು ಡೌಟ್' ಅಂತ ಹಾಕದೆ 'ಸಂಪು ತುಂಬಿದಾಗ ಸೆನ್ಸರ್ ತಪ್ಪು ತೋರಿಸುತ್ತದೆ' ಅಂತ ಹಾಕಲಿ.

ಮೊದಲ ಟಿಪ್ಪಣಿಯನ್ನು ಆ ಹುಡುಗಿಯ ಕೈಲೇ ಬರೆಸಿ. ನಮಗೂ ಒಂದು ಪ್ರತಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ