ಬೇರೆಯವರ ಅಂಚೆ ಚೀಟಿಗಳನ್ನು ಜೋಡಿಸಿಟ್ಟ ವಿದ್ವಾಂಸ

ಪ್ರಶ್ನೆ: ನಮ್ಮ ಮಾವನವರು ತೀರಿಕೊಂಡು ವರ್ಷವಾಯಿತು. ಅವರು ಐವತ್ತು ವರ್ಷ ಕೂಡಿಟ್ಟ ಅಂಚೆ ಚೀಟಿಗಳ ಹದಿನೇಳು ಆಲ್ಬಂಗಳು ಅಟ್ಟದ ಮೇಲಿವೆ. ಯಾರಾದರೂ ‘ಸಂಗ್ರಹಕಾರರು’ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ‘ನಾನು ಅಭ್ಯಾಸಿ’ ಎನ್ನುತ್ತಿದ್ದರು. ನಾವೆಲ್ಲ ಮರೆಯಲ್ಲಿ ನಗುತ್ತಿದ್ದೆವು. ಅಂಚೆ ಚೀಟಿಯಲ್ಲಿ ಅಭ್ಯಾಸ ಮಾಡುವಂಥದ್ದು ಏನಿದೆ? ಇದರಲ್ಲೇ ವಿದ್ವಾಂಸರೆನಿಸಿಕೊಂಡವರು ನಿಜವಾಗಿಯೂ ಇದ್ದಾರೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಇದ್ದಾರೆ. ಒಬ್ಬರ ಹೆಸರು ಹೇಳಿ ಎಂದರೆ ನಾನು ಹೇಳುವುದು ಇಂಗ್ಲೆಂಡಿನ ಎಡ್ವರ್ಡ್ ಡೆನಿ ಬೇಕನ್ ಅವರ ಹೆಸರು. ಹುಟ್ಟಿದ್ದು 1860ರಲ್ಲಿ, ತೀರಿಕೊಂಡದ್ದು 1938ರಲ್ಲಿ. ಅಂಚೆ ಚೀಟಿಯ ಲೋಕದಲ್ಲಿ ಇವರಿಗಿಂತ ಶ್ರೀಮಂತರು ಬೇಕಾದಷ್ಟು ಮಂದಿ ಇದ್ದರು, ಅವರ ಬಗ್ಗೆ ರೋಚಕ ಕಥೆಗಳೂ ಇವೆ. ಬೇಕನ್ ಅವರದು ಬೇರೆ ಜಾತಿ. ಇವರ ಹೆಸರು ಉಳಿದಿರುವುದು ತಮ್ಮದಲ್ಲದ ಮೂರು ಸಂಗ್ರಹಗಳಿಂದ.

ಮೊದಲ ಸಂಗ್ರಹ ಥಾಮಸ್ ಕೀ ಟ್ಯಾಪ್ಲಿಂಗ್ ಅವರದು. ಟ್ಯಾಪ್ಲಿಂಗ್ ವ್ಯಾಪಾರಸ್ಥರ ಮನೆಯವರು, ಸಂಸತ್ ಸದಸ್ಯರು, ಕ್ರಿಕೆಟ್ಟನ್ನೂ ಆಡುತ್ತಿದ್ದವರು. 1891ರಲ್ಲಿ 35ನೇ ವಯಸ್ಸಿಗೇ ಹೋಗಿಬಿಟ್ಟರು. ಆ ಹೊತ್ತಿಗೆ ಅವರ ಸಂಗ್ರಹ ಪ್ಯಾರಿಸ್ಸಿನ ಫೆರಾರಿ ಅವರದನ್ನು ಬಿಟ್ಟರೆ ಜಗತ್ತಿನಲ್ಲೇ ದೊಡ್ಡದು ಎನಿಸಿಕೊಂಡಿತ್ತು. ಅದಷ್ಟನ್ನೂ ಅವರು ಬ್ರಿಟಿಷ್ ಮ್ಯೂಸಿಯಂಗೆ ಬರೆದಿಟ್ಟಿದ್ದರು. ಮ್ಯೂಸಿಯಂಗೆ ಆನೆಯನ್ನು ದಾನ ಕೊಟ್ಟಂತಾಯಿತು. ಕಟ್ಟಿಹಾಕಲು ಜಾಗ ಉಂಟು, ಮಾವುತನಿಲ್ಲ! ಸಾವಿರಾರು ಅಂಚೆ ಚೀಟಿಗಳಲ್ಲಿ ಯಾವುದು ಯಾವ ದೇಶದ್ದು, ಯಾವ ಮುದ್ರಣದ್ದು, ಯಾವುದು ಅಸಲಿ ಎಂದು ಹೇಳಬಲ್ಲವರು ಅಲ್ಲಿ ಇರಲಿಲ್ಲ. ಆ ಕೆಲಸಕ್ಕೆ ಕರೆಸಿದ್ದು ಬೇಕನ್ ಅವರನ್ನು. ಅಂಚೆ ಚೀಟಿಗಳನ್ನು ಒಂದೊಂದಾಗಿ ನೋಡಿ, ವಿಂಗಡಿಸಿ, ಹಾಳೆಗೆ ಅಂಟಿಸಿ ಮುಗಿಸುವಷ್ಟರಲ್ಲಿ ಆ ಶತಮಾನವೇ ಮುಗಿಯುತ್ತ ಬಂದಿತ್ತು. ಸಂಗ್ರಹ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಮ್ಮ ದೇಶದ ಮಟ್ಟಿಗೆ ಅದರಲ್ಲಿ ನೋಡಲೇಬೇಕಾದದ್ದು 1854ರ ನಾಲ್ಕಾಣೆಯ ಅಂಚೆ ಚೀಟಿ. ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ ಕೆಂಪು ಚೌಕಟ್ಟನ್ನೂ ನೀಲಿ ತಲೆಯನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕುತ್ತಿದ್ದರು. ಎರಡನೇ ಸಲ ಹಾಳೆಯನ್ನು ಯಾರೋ ತಿರುವುಮುರುವಾಗಿ ಇಟ್ಟರು, ರಾಣಿ ವಿಕ್ಟೋರಿಯಾ ತಲೆಕೆಳಗಾದಳು.

ಎರಡನೆಯದು ಅಂಚೆ ಚೀಟಿಗಳ ಸಂಗ್ರಹವಲ್ಲ, ಪುಸ್ತಕಗಳದು. ಕ್ರಾಫರ್ಡ್‌ನ 26ನೇ ಅರ್ಲ್ ಖಗೋಳಶಾಸ್ತ್ರ ಬಲ್ಲ ಶ್ರೀಮಂತರು. ಇಳಿವಯಸ್ಸಿನಲ್ಲಿ ಅಂಚೆ ಚೀಟಿಯ ಬಗ್ಗೆ ಪ್ರಕಟವಾದ ಪ್ರತಿಯೊಂದು ಪುಸ್ತಕ, ಪತ್ರಿಕೆ, ಬೆಲೆಪಟ್ಟಿಯನ್ನೂ ಕೊಳ್ಳತೊಡಗಿದರು. ಆ ಗ್ರಂಥಭಂಡಾರದ ಸೂಚಿಯನ್ನು ಸಿದ್ಧಪಡಿಸಿದವರು ಬೇಕನ್; ಅದು 1911ರಲ್ಲಿ ಅಚ್ಚಾಯಿತು. ಇಂದಿಗೂ ಹಳೆಯ ಅಂಚೆ ಸಾಹಿತ್ಯ ಹುಡುಕುವವರು ಮೊದಲು ತೆರೆಯುವುದು ಅದನ್ನೇ. ಮೂರನೆಯ ಸಂಗ್ರಹ ದೊರೆ ಐದನೇ ಜಾರ್ಜ್ ಅವರದು. 1913ರಿಂದ ಸಾಯುವವರೆಗೂ ಬೇಕನ್ ಅರಮನೆಯ ಅಂಚೆ ಚೀಟಿ ಸಂಗ್ರಹದ ಪಾಲಕರಾಗಿದ್ದರು. 1932ರಲ್ಲಿ ‘ಸರ್’ ಪದವಿ ಸಿಕ್ಕಿತು. ದೊರೆಯೂ ಬರೀ ಶೋಕಿಗೆ ಕೂಡಿಸಿದವರಲ್ಲ. 1904ರಲ್ಲಿ, ಇನ್ನೂ ಯುವರಾಜರಾಗಿದ್ದಾಗ, ಮಾರಿಷಸ್‌ನ ಎರಡು ಪೆನ್ನಿಯ, ‘ಪೋಸ್ಟ್ ಆಫೀಸ್’ ಎಂದು ಅಚ್ಚಾದ ಅಂಚೆ ಚೀಟಿಯೊಂದಕ್ಕೆ ಹರಾಜಿನಲ್ಲಿ 1,450 ಪೌಂಡ್ ಕೊಟ್ಟರು. ಅದನ್ನು ಪತ್ರಿಕೆಯಲ್ಲಿ ಓದಿದ ಆಸ್ಥಾನಿಕರೊಬ್ಬರು ‘ಯಾವನೋ ಮೂರ್ಖ ಒಂದು ಚೀಟಿಗೆ ಇಷ್ಟು ಸುರಿದಿದ್ದಾನಂತೆ, ನೋಡಿದಿರಾ’ ಎಂದರಂತೆ. ‘ಆ ಮೂರ್ಖ ನಾನೇ’ ಎಂದರಂತೆ ಯುವರಾಜರು. ಕಥೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ, ನಮ್ಮ ಬಳಗದಲ್ಲಿ ಇದನ್ನು ಹೇಳದೆ ಯಾವ ಸಭೆಯೂ ಮುಗಿಯುವುದಿಲ್ಲ.

ಇನ್ನು ನಿಮ್ಮ ಅಸಲು ಪ್ರಶ್ನೆ: ಅಭ್ಯಾಸ ಮಾಡುವುದು ಏನನ್ನು? 1840ರ ಮೇ 6ರಂದು ಜಾರಿಗೆ ಬಂದ, ಜಗತ್ತಿನ ಮೊದಲ ಅಂಚೆ ಚೀಟಿಯಾದ ಪೆನ್ನಿ ಬ್ಲ್ಯಾಕ್ ಒಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಕೈಯಲ್ಲಿ ಎಂದೆ, ಚಿಮುಟದಲ್ಲಿ ಎನ್ನಬೇಕಿತ್ತು. ಕೆಳಗಿನ ಎರಡು ಮೂಲೆಗಳಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರವಿದೆ. ಒಂದು ಹಾಳೆಯಲ್ಲಿ 240 ಚೀಟಿಗಳು, ಅಡ್ಡಸಾಲಿಗೆ ಹನ್ನೆರಡು, ಹಾಗೆ ಇಪ್ಪತ್ತು ಸಾಲು. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್. ಹಾಗಾಗಿ ಗುಮಾಸ್ತನಿಗೆ ಲೆಕ್ಕ ಸುಲಭ. ಎಡಗಡೆಯ ಅಕ್ಷರ ಎಷ್ಟನೇ ಸಾಲು ಎಂದು ಹೇಳುತ್ತದೆ, ಬಲಗಡೆಯದು ಆ ಸಾಲಿನಲ್ಲಿ ಎಷ್ಟನೆಯದು ಎಂದು. ‘ಎಎ’ ಮೊದಲನೆಯದು, ‘ಟಿಎಲ್’ ಕೊನೆಯದು. ರಾಣಿಯ ಮುಖವನ್ನು ಒಂದೇ ಮೂಲ ಅಚ್ಚಿನಿಂದ, ಹಾಳೆಗಳನ್ನು ಮುದ್ರಿಸುವ ಇಡೀ ಲೋಹದ ಪ್ಲೇಟಿಗೆ ಇಳಿಸುತ್ತಿದ್ದರು. ಅದು ಎಲ್ಲೆಡೆ ಒಂದೇ. ಆದರೆ ಮೂಲೆಯ ಅಕ್ಷರಗಳನ್ನು ಕೆಲಸಗಾರ ಕೈಯಿಂದ ಒಂದೊಂದಾಗಿ ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಿದ್ದ. ಕೈಕೆಲಸ ಎಂದ ಮೇಲೆ ಒಂದು ಅಕ್ಷರ ಕೂದಲೆಳೆಯಷ್ಟು ವಾಲಿರುತ್ತದೆ, ಇನ್ನೊಂದು ಚೌಕದ ಗೆರೆಗೆ ತಾಗಿರುತ್ತದೆ, ಮತ್ತೊಂದು ಎರಡು ಸಲ ಬಡಿದು ಜೋಡಿಯಾಗಿ ಕಾಣುತ್ತದೆ. ಪೆನ್ನಿ ಬ್ಲ್ಯಾಕ್ ಮುದ್ರಿಸಿದ್ದು ಹನ್ನೊಂದು ಪ್ಲೇಟುಗಳಿಂದ. ಹಾಳೆಯಿಂದ ಕತ್ತರಿಸಿದ ಒಂಟಿ ಚೀಟಿಯೊಂದನ್ನು ಕೊಟ್ಟರೆ, ಅಕ್ಷರದ ಆ ವಾಲಿಕೆಯನ್ನೇ ನೋಡಿ ಅದು ಯಾವ ಪ್ಲೇಟಿನದು ಎಂದು ಹೇಳುವವರಿದ್ದಾರೆ. ಹಸ್ತಪ್ರತಿಗಳ ಪಾಠಾಂತರ ನೋಡುವ ಪಂಡಿತರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ? ಲಿಪಿಕಾರನ ಕೈತಪ್ಪೇ ಇಬ್ಬರಿಗೂ ಆಧಾರ.

ಕಪ್ಪು ಬಣ್ಣ ವರ್ಷ ತುಂಬುವ ಮೊದಲೇ ಹೋಯಿತು. ಚೀಟಿಯ ಮೇಲೆ ಹಾಕುತ್ತಿದ್ದ ಕೆಂಪು ಮೊಹರನ್ನು ಜನ ಒರೆಸಿ ತೆಗೆದು ಮತ್ತೆ ಅಂಟಿಸುತ್ತಾರೆ ಎಂಬ ಭಯ ಇಲಾಖೆಗೆ. ಅದಕ್ಕೆ 1841ರಲ್ಲಿ ಚೀಟಿಯನ್ನು ಕೆಂಪು ಮಾಡಿ ಮೊಹರನ್ನು ಕಪ್ಪು ಮಾಡಿದರು. ಅಂಚಿಗೆ ಹಲ್ಲು ಬಂದದ್ದು 1850ರ ದಶಕದಲ್ಲಿ. ಮುಂದೆ 1864ರಿಂದ ಕೆಂಪು ಪೆನ್ನಿಯ ಎರಡೂ ಬದಿಯ ಜಾಲರಿ ವಿನ್ಯಾಸದೊಳಗೆ ಪ್ಲೇಟಿನ ಸಂಖ್ಯೆಯನ್ನೂ ಕೆತ್ತಿದರು. ಭೂತಗನ್ನಡಿ ಇಲ್ಲದೆ ಕಾಣದಷ್ಟು ಸಣ್ಣದಾಗಿ. ಅವುಗಳಲ್ಲಿ 77ನೇ ಪ್ಲೇಟು ಸರಿಯಾಗಿ ಹೊಂದಲಿಲ್ಲವೆಂದು ತಿರಸ್ಕೃತವಾಯಿತು. ಆದರೂ ಅದರಿಂದ ಬಂದ ಬೆರಳೆಣಿಕೆಯ ಚೀಟಿಗಳು ಹೊರಗೆ ನುಸುಳಿವೆ; ಒಂದು ಟ್ಯಾಪ್ಲಿಂಗ್ ಸಂಗ್ರಹದಲ್ಲೇ ಇದೆ. ಪಕ್ಕದಲ್ಲಿ 76, 78 ಇಟ್ಟರೆ ಬರಿಗಣ್ಣಿಗೆ ಮೂರೂ ಒಂದೇ ಅಗ್ಗದ ಕೆಂಪು ಚೀಟಿ.

ಹೀಗೆ ಕೆತ್ತಿದ ಪ್ಲೇಟುಗಳಿಂದ ಮುದ್ರಿಸಿದ ಚೀಟಿಗಳು ಬಳಕೆಯಲ್ಲಿದ್ದ ನಲವತ್ತು ವರ್ಷಗಳ ಇತಿಹಾಸವನ್ನು ಬೇಕನ್ ಎರಡು ಸಂಪುಟಗಳಲ್ಲಿ ಬರೆದರು; 1920ರಲ್ಲಿ ಬಂತು. ಓದಲು ರಸವತ್ತಾಗಿದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಪ್ಲೇಟು, ಕಾಗದ, ಬಣ್ಣ, ತಾರೀಖು ಎಂದು ಹೋಗುತ್ತದೆ, ಪಂಚಾಂಗ ಓದಿದ ಹಾಗೆ. ಆದರೆ ಪಂಚಾಂಗದಂತೆಯೇ, ಮುಂದಿನವರೆಲ್ಲ ಲೆಕ್ಕ ಶುರು ಮಾಡಿದ್ದು ಅಲ್ಲಿಂದ. 1921ರಲ್ಲಿ ಇಂಗ್ಲೆಂಡಿನಲ್ಲಿ ‘ವಿಶಿಷ್ಟ ಅಂಚೆ ಚೀಟಿ ವಿದ್ವಾಂಸರ ಪಟ್ಟಿ’ ಎಂಬ ಸಹಿಪತ್ರ ಶುರುವಾದಾಗ ಮೊದಲ ವರ್ಷವೇ ಬೇಕನ್ ಅವರ ಸಹಿ ಬಿತ್ತು. ದೊರೆಯ ಸಹಿಯೂ ಅದರಲ್ಲಿದೆ.

ಮಾವನವರ ಆಲ್ಬಂಗಳನ್ನು ಇಳಿಸಿ ನೋಡಿ. ಚೀಟಿಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಟಿಪ್ಪಣಿಗಳಿವೆಯೇ? ಒಂದೇ ಚೀಟಿಯ ಹತ್ತಿಪ್ಪತ್ತು ಪ್ರತಿಗಳನ್ನು ಸಾಲಾಗಿ ಇಟ್ಟಿದ್ದಾರೆಯೇ? ಇದ್ದರೆ ನೀವು ನಕ್ಕದ್ದು ತಪ್ಪು. ಆ ಟಿಪ್ಪಣಿಗಳನ್ನು ಒರೆಸಬೇಡಿ. ಆಲ್ಬಂಗಳನ್ನು ಬಿಚ್ಚಿ ಹಂಚಿಕೊಳ್ಳಲೂ ಹೋಗಬೇಡಿ.

ಪ್ರಶ್ನೆ: 1970–80ರ ದಶಕದ ಮೊದಲ ದಿನದ ಲಕೋಟೆಗಳು ನನ್ನ ಬಳಿ ಮುನ್ನೂರು ಇವೆ. ಮಗಳ ಮದುವೆಗೆ ಆದೀತೇ?
– ಓದುಗರೊಬ್ಬರು, ತುಮಕೂರು

ಉತ್ತರ: ಇಲ್ಲ. ಹೊಸ ಚೀಟಿ ಬಿಡುಗಡೆಯಾದ ದಿನವೇ ಅದನ್ನು ಅಂಟಿಸಿ ಮೊಹರು ಹಾಕಿದ ಆ ಲಕೋಟೆಗಳನ್ನು ಇಲಾಖೆ ಧಾರಾಳವಾಗಿ ಮಾರಿತು, ಕೊಂಡವರೆಲ್ಲ ಜೋಪಾನವಾಗಿ ಇಟ್ಟರು. ಎಲ್ಲರೂ ಜೋಪಾನ ಮಾಡಿದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? ಮಗಳಿಗೆ ಲಕೋಟೆಗಳನ್ನೇ ಕೊಡಿ, ಖರ್ಚಿಗೆ ಬೇರೆ ದಾರಿ ನೋಡಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಅಂಚೆ ಚೀಟಿ ಅಂಟಿಸಿದ ಲಕೋಟೆಗಳು ಸಿಕ್ಕಿವೆ. ಕಾಗದ ಹಳದಿಯಾಗಿದೆ. ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಳ್ಳಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ದಯವಿಟ್ಟು ಬೇಡ. ಹನ್ನೆರಡನೇ ವಯಸ್ಸಿನಲ್ಲಿ ನಾನು ಇದೇ ಕೆಲಸ ಮಾಡಿದ್ದೇನೆ. ಸೋದರತ್ತೆಯ ಮನೆಯ ಹಳೆಯ ಪತ್ರಗಳ ಚೀಟಿಗಳನ್ನೆಲ್ಲ ಹಿತ್ತಾಳೆ ಬೋಗುಣಿಯಲ್ಲಿ ನೆನೆಹಾಕಿ, ದಿನಪತ್ರಿಕೆಯ ಮೇಲೆ ಒಣಗಿಸಿ, ಲಕೋಟೆಗಳನ್ನು ಬಚ್ಚಲೊಲೆಗೆ ಹಾಕಿದೆ. ಚೀಟಿಗಳು ಈಗಲೂ ಇವೆ. ಅವು ಸಾವಿರಾರು ಮಂದಿಯ ಹತ್ತಿರ ಇರುವಂಥವು. ಒಲೆಗೆ ಹೋದದ್ದು ಯಾರ ಹತ್ತಿರವೂ ಇಲ್ಲ.

ಹಳೆ ಮೈಸೂರಿಗೆ ತನ್ನದೇ ಅಂಚೆ ವ್ಯವಸ್ಥೆ ಇತ್ತಾದರೂ ತನ್ನದೇ ಅಂಚೆ ಚೀಟಿ ಇರಲಿಲ್ಲ. 1889ರಲ್ಲಿ ಆ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಹೈದರಾಬಾದ್ ಸಂಸ್ಥಾನ ಹಾಗಲ್ಲ. 1869ರಿಂದ ಸ್ವಂತ ಚೀಟಿಗಳನ್ನು ಹೊರಡಿಸಿತು. ಆಗ ಕಲಬುರಗಿ, ರಾಯಚೂರು, ಬೀದರ್ ಎಲ್ಲ ಆ ಸಂಸ್ಥಾನದಲ್ಲೇ ಇದ್ದವು. ಆದ್ದರಿಂದ ನಿಮ್ಮಲ್ಲಿರುವುದು ಕನ್ನಡದ ಊರುಗಳಲ್ಲಿ ನಿಜಾಮರ ಚೀಟಿ ಓಡಾಡಿದ್ದಕ್ಕೆ ಸಾಕ್ಷಿ. ಚೀಟಿಯೊಂದೇ ಆದರೆ ಅದು ಹೈದರಾಬಾದಿನಲ್ಲಿ ಬಳಸಿದ್ದೋ ಔರಂಗಾಬಾದಿನದೋ ಹೇಳುವುದು ಕಷ್ಟ. ಊರು ಗೊತ್ತಾಗುವುದು ಮೊಹರಿನಿಂದ, ಮೊಹರಿನ ಮುಕ್ಕಾಲು ಪಾಲು ಸಾಮಾನ್ಯವಾಗಿ ಲಕೋಟೆಯ ಮೇಲಿರುತ್ತದೆ. ಸಂಸ್ಥಾನದ ಚೀಟಿ ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿತ್ತು. ಸೊಲ್ಲಾಪುರಕ್ಕೋ ಬಿಜಾಪುರಕ್ಕೋ ಬರೆದ ಪತ್ರವಾದರೆ ಬ್ರಿಟಿಷ್ ಇಂಡಿಯಾದ ಚೀಟಿಯೂ ಇದೆಯೇ ನೋಡಿ. ಎರಡೂ ಒಂದೇ ಲಕೋಟೆಯ ಮೇಲಿದ್ದರೆ ಅದನ್ನು ಬೇರೆ ಎತ್ತಿಡಿ.

ಲಕೋಟೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಒಳಗೆ ಪತ್ರವಿದ್ದರೆ ಅದನ್ನೂ ಅದರಲ್ಲೇ ಬಿಡಿ. ಅಜ್ಜ ಯಾರಿಗೆ ಬರೆದದ್ದು, ಯಾವ ಊರಿಂದ ಎಂದು ಮನೆಯ ಹಿರಿಯರು ಇರುವಾಗಲೇ ಕೇಳಿ ಬೇರೊಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡೂ ಬದಿಯ ಚಿತ್ರ ತೆಗೆದು ಈ ಅಂಕಣಕ್ಕೆ ಕಳಿಸಿದರೆ ಮೊಹರು ಓದಿ ಹೇಳುತ್ತೇನೆ.