ಅಥಣಿ ಚಪ್ಪಲಿ ಮಳೇಲಿ ನೆನೆದ್ರೆ ಏನ್ಮಾಡೋದು?

ಪ್ರಶ್ನೆ: ಅಥಣಿಗೆ ಹೋದಾಗ ಅಲ್ಲಿ ಚಪ್ಪಲಿ ಮಾಡೋರ ಹತ್ರಾನೇ ಒಂದು ಜೊತೆ ಕೊಲ್ಹಾಪುರಿ ತಂದಿದ್ದೆ. ಮೊನ್ನೆ ಮಳೇಲಿ ಪೂರ್ತಿ ನೆನೀತು, ಬೇಗ ಒಣಗ್ಲಿ ಅಂತ ಬಿಸಿಲಿಗಿಟ್ಟೆ, ಈಗ ಹಪ್ಪಳದ ಥರ ಸೆಟೆದುಕೊಂಡಿದೆ, ಮೇಲೆ ಬಿಳಿ ಬೂಷ್ಟು ಬೇರೆ. ಕೊಬ್ಬರಿ ಎಣ್ಣೆ ಸುರಿದ್ರೆ ಸರಿಹೋಗುತ್ತಾ?
- ಓದುಗರು, ತೀರ್ಥಹಳ್ಳಿ

ಉತ್ತರ: ಸುರೀಬೇಡಿ, ದಯವಿಟ್ಟು. ಈ ಚಪ್ಪಲಿ ಚರ್ಮಾನ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿರ್ತಾರೆ, ಅದು ನೀರನ್ನ ಬೇಗ ಕುಡಿಯುತ್ತೆ, ಬಿಸಿಲಲ್ಲಿ ಅವಸರಕ್ಕೆ ಒಣಗಿಸಿದ್ರೆ ಒಳಗಿನ ನಾರೆಲ್ಲ ಒಂದಕ್ಕೊಂದು ಅಂಟಿಕೊಂಡು ಕಟ್ಟಿಗೆ ಥರ ಆಗಿಬಿಡುತ್ತೆ. ಮೊದಲು ಮನೆ ಹೊರಗೆ ತಗೊಂಡೋಗಿ ಒಣ ಬ್ರಷ್‌ನಿಂದ ಬೂಷ್ಟು ಉದುರಿಸಿ, ಒಳಗೆ ಮಾಡಿದ್ರೆ ಅದರ ಪುಡಿ ಪಕ್ಕದ ಚಪ್ಪಲಿಗೂ ಕೂರುತ್ತೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಅದ್ರಲ್ಲಿ ಒರೆಸಿ. ಆ ಒದ್ದೆಗೆ ಚರ್ಮ ಸ್ವಲ್ಪ ಮೆತ್ತಗಾಗುತ್ತಲ್ಲ, ಆಗ್ಲೇ ಕೈಯಲ್ಲಿ ನಿಧಾನ ನೇರ ಮಾಡಿ, ಪೇಪರ್ ಹಾಸಿ ಮೇಲೊಂದು ಭಾರ ಇಟ್ಟು ನೆರಳಲ್ಲಿ ಫ್ಯಾನ್ ಗಾಳಿಗೆ ಎರಡು ಮೂರು ದಿನ ಬಿಡಿ, ಪೇಪರ್ ಒದ್ದೆ ಆದ ಹಾಗೆ ಬದಲಿಸ್ತಾ ಇರಿ.

ಪೂರ್ತಿ ಒಣಗಿದ ಮೇಲೆ ಎಣ್ಣೆ. ಹರಳೆಣ್ಣೆ ನಾಲ್ಕೈದು ಹನಿ, ಅದೂ ಬಟ್ಟೆಗೆ ಹಾಕಿ ಪಟ್ಟಿಗಳಿಗೆ ತಿಕ್ಕಿ, ಒಂದು ರಾತ್ರಿ ಬಿಟ್ಟು ಹೆಚ್ಚಾಗಿದ್ದನ್ನ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬಣ್ಣ ಕಪ್ಪಾಗಿಸುತ್ತೆ, ದಿನ ಹೋದ ಹಾಗೆ ಕಮಟು ವಾಸನೆ ಬರುತ್ತೆ. ಅಟ್ಟೆಗಂತೂ ಜಾಸ್ತಿ ಎಣ್ಣೆ ಕುಡಿಸಬೇಡಿ, ಪದರ ಪದರ ಚರ್ಮ ಜೋಡಿಸಿ ಚರ್ಮದ ದಾರದಲ್ಲೇ ಕೈಯಲ್ಲಿ ಹೊಲಿದಿರೋದು ಅದು, ಸಡಿಲ ಆದ್ರೆ ಮತ್ತೆ ಬಿಗಿ ಮಾಡೋದು ಮನೇಲಿ ಆಗೋ ಕೆಲಸ ಅಲ್ಲ. ಬಿರುಕು ಬಿಟ್ಟಿದ್ರೆ ಅದು ಯಾವ ಎಣ್ಣೆಗೂ ಕೂಡಲ್ಲ. ಕೊಲ್ಹಾಪುರಿಯ ಜಿಐ ಟ್ಯಾಗ್‌ನಲ್ಲಿ (ಇಂಥ ಊರಿನದ್ದೇ ಅಂತ ಸರ್ಕಾರ ಕೊಡೋ ಗುರುತು) ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಹೀಗೆ 4 ಜಿಲ್ಲೆ ಸೇರಿವೆ, ಅಷ್ಟು ಕೈಗಳ ದುಡಿಮೆ ಒಂದು ಮಳೆಗೆ ಹಾಳಾದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಅದನ್ನ ಹಳೇ ಕಾಟನ್ ಬಟ್ಟೇಲಿ ಸುತ್ತಿ ಎತ್ತಿಡಿ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ವಾರಕ್ಕೊಂದ್ಸಲ ತೆಗೆದು ಗಾಳಿಗಿಡಿ.

ಪ್ರಶ್ನೆ: ಲೆದರ್ ಅಂತ ಕೊಟ್ಟ ಹ್ಯಾಂಡ್‌ಬ್ಯಾಗ್ ಸಿಪ್ಪೆ ಸುಲಿದ ಹಾಗೆ ಉದುರ್ತಿದೆ. ಚರ್ಮ ಮೆತ್ತಗಿಡೋಕೆ ಹಚ್ಚೋ ಕಂಡೀಷನರ್‌ನಲ್ಲಿ ಯಾವುದು ಹಾಕ್ಲಿ?
- ಓದುಗರು, ಮಂಗಳೂರು

ಉತ್ತರ: ಉದುರಿದ ಜಾಗದಲ್ಲಿ ಕೆಳಗೆ ಬಟ್ಟೆ ನೇಯ್ಗೆ ಕಾಣ್ತಿದ್ಯಾ ನೋಡಿ. ಕಂಡ್ರೆ ಅದು ಚರ್ಮ ಅಲ್ಲ, ಬಟ್ಟೆ ಮೇಲೆ ಪ್ಲಾಸ್ಟಿಕ್ ಲೇಪ, ಕರಾವಳಿಯ ಸೆಕೆ ತೇವಕ್ಕೆ ಆ ಲೇಪ ಬೇಗ ಸತ್ತುಹೋಗುತ್ತೆ. ಕಂಡೀಷನರ್‌ಗೆ ದುಡ್ಡು ಹಾಕ್ಬೇಡಿ. ನಿಜವಾದ ಚರ್ಮ ಆದ್ರೆ ಅಂಚಲ್ಲಿ ನಾರು ನಾರಾಗಿ ಕಾಣುತ್ತೆ.

ಪ್ರಶ್ನೆ: ಆಫೀಸ್ ಶೂಗೆ ದಿನಾ ಪಾಲಿಶ್ ಹಾಕ್ತೀನಿ, ಆದ್ರೂ ಮಡಿಚೋ ಕಡೆ ಒಣಗಿ ಗೆರೆ ಬೀಳ್ತಿದೆ, ಯಾಕೆ?
- ಓದುಗರು, ಹುಬ್ಬಳ್ಳಿ

ಉತ್ತರ: ಪಾಲಿಶ್‌ನಲ್ಲಿ ಇರೋದು ಹೆಚ್ಚಾಗಿ ಮೇಣ ಮತ್ತೆ ಬಣ್ಣ, ಅದು ಮೇಲೆ ಹೊಳಪು ಕೊಡುತ್ತೆ, ಒಳಗಿನ ಒಣಗಿದ ಚರ್ಮಕ್ಕೆ ಎಣ್ಣೆ ಅಂಶ ಕೊಡೋದು ಕಂಡೀಷನರ್. ಹಳೇ ಪಾಲಿಶ್ ಪದರ ಒರೆಸಿ ತೆಗೆದು, ಕಂಡೀಷನರ್ ತೆಳ್ಳಗೆ ಹಚ್ಚಿ, ರಾತ್ರಿ ಬಿಟ್ಟು, ಬೆಳಿಗ್ಗೆ ಪಾಲಿಶ್ ಮಾಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು. ಸ್ವೇಡ್ ಶೂ, ಅಂದ್ರೆ ಮೇಲೆ ಮಖಮಲ್ಲಿನ ಥರ ನವಿರು ಜುಂಗಿರೋ ಚರ್ಮದ್ದು ಆದ್ರೆ ಈ ಎರಡೂ ಹಚ್ಚಬೇಡಿ, ಅದಕ್ಕೆ ಬರೀ ಬ್ರಷ್.